ಫ್ಲ್ಯಾಟೋ, ಸ್ವಂತ ಮನೆಯೋ? ಕರಾವಳಿಯಲ್ಲಿ ಒಮ್ಮೆ ಲೆಕ್ಕ ಹಾಕಿ ನೋಡೋಣ

ಭಟ್ಕಳದಿಂದ ಹೊನ್ನಾವರ ದಾಟಿ ಕುಮಟಾಕ್ಕೆ ಹೋಗುವ ಬಸ್ಸಿನ ಕಿಟಕಿಯಲ್ಲಿ ಕುಳಿತರೆ ರಾಷ್ಟ್ರೀಯ ಹೆದ್ದಾರಿ 66ರ ಎರಡೂ ಬದಿ ಹೊಸ ಕಟ್ಟಡಗಳು ಕಾಣುತ್ತವೆ. ಗದ್ದೆ ತುಂಬಿಸಿದ ಅಥವಾ ಗುಡ್ಡ ಕಡಿದು ಮಟ್ಟ ಮಾಡಿದ ಸೈಟಿನಲ್ಲಿ ಒಂದೇ ಕುಟುಂಬದ ತಾರಸಿ ಮನೆ. ಪೇಟೆ ಹತ್ತಿರವಾದಂತೆ ಕೆಳಗೆ ವಾಹನ ನಿಲ್ಲಿಸುವ ಜಾಗ, ಮೇಲೆ ಮೂರು-ನಾಲ್ಕು ಮಹಡಿಯ ಫ್ಲ್ಯಾಟ್. ಈ ಎರಡರ ಬಗ್ಗೆಯೂ ನಮ್ಮಲ್ಲಿ ಸಿದ್ಧ ಮಾತುಗಳಿವೆ. ಬಿಲ್ಡರ್ ಹೇಳುವುದು: ‘ಒಂದೇ ಅಡಿಪಾಯ, ಒಂದೇ ಛಾವಣಿ, ಎಂಟು ಮನೆ. ಆದ್ದರಿಂದ ಅಗ್ಗ.’ ಮನೆಯ ಹಿರಿಯರು ಹೇಳುವುದು: ‘ಕಾಲ ಕೆಳಗಿನ ನೆಲ ನಮ್ಮದಲ್ಲದಿದ್ದರೆ ಅದೇನು ಮನೆ?’

ಓದು ಮುಗಿಸಿ ಕೆಲಸ ಹುಡುಕುವ ವಯಸ್ಸಿನಲ್ಲಿ ಇದು ದೊಡ್ಡವರ ವಿಷಯ ಅನ್ನಿಸಬಹುದು. ಆದರೆ ಮೊದಲ ನೌಕರಿ ಸಿಕ್ಕ ಎರಡು-ಮೂರು ವರ್ಷಕ್ಕೇ ಗೃಹಸಾಲದ ಮಾತು ಶುರುವಾಗುತ್ತದೆ. ಆ ಸಾಲದ ಕಂತು ಕಟ್ಟುವವರು 20 ವರ್ಷ ಕಾಲ ನಾವೇ. ಅಪ್ಪನ ಜಾಗ ಪಾಲಾಗುವಾಗ ಸಹಿ ಹಾಕುವವರೂ ನಾವೇ. ಹಾಗಾಗಿ ಎರಡು ಬಗೆಯ ಕಟ್ಟಡಗಳಲ್ಲಿ ನಿಜಕ್ಕೂ ಯಾವುದು ಏನನ್ನು ಉಳಿಸುತ್ತದೆ ಎಂದು ಅಂಕಿಗಳಲ್ಲೇ ನೋಡುವುದು ಒಳ್ಳೆಯದು.

ನೆಲ ಎಷ್ಟಿದೆ?

ಉತ್ತರ ಕನ್ನಡ ಜಿಲ್ಲೆಯ ಸುಮಾರು ಶೇ 80ರಷ್ಟು ಭೂಮಿ ಅರಣ್ಯ. ಕರಾವಳಿ ತಾಲ್ಲೂಕುಗಳಲ್ಲಿ ಜನ ವಾಸಿಸುವುದು ಬಹುಪಾಲು ಸಮುದ್ರಕ್ಕೂ ಘಟ್ಟದ ಬುಡಕ್ಕೂ ನಡುವಿನ ಕಿರಿದಾದ ಪಟ್ಟಿಯಲ್ಲಿ. ಅದೇ ಪಟ್ಟಿಯಲ್ಲಿ ಶರಾವತಿ, ಅಘನಾಶಿನಿ ನದಿಗಳ ಅಳಿವೆಗಳಿವೆ, ಗಜನಿ ಭೂಮಿಯಿದೆ, 1998ರಲ್ಲಿ ಪೂರ್ಣ ಸಂಚಾರಕ್ಕೆ ತೆರೆದ ಕೊಂಕಣ ರೈಲು ಮಾರ್ಗವಿದೆ, ಚತುಷ್ಪಥವಾಗಿ ಅಗಲಗೊಂಡ ಹೆದ್ದಾರಿಯಿದೆ. ಸಮುದ್ರದ ಅಂಚಿನಲ್ಲಿ ಕರಾವಳಿ ನಿಯಂತ್ರಣ ವಲಯದ ನಿಯಮವೂ ಇದೆ. 2019ರ ಅಧಿಸೂಚನೆಯ ಪ್ರಕಾರ ಗ್ರಾಮೀಣ ಕರಾವಳಿಯಲ್ಲಿ ಜನಸಾಂದ್ರತೆ ಚದರ ಕಿ.ಮೀ.ಗೆ 2,161 ಮೀರಿದ ಕಡೆ ಭರತರೇಖೆಯಿಂದ 50 ಮೀಟರ್, ಉಳಿದ ಕಡೆ 200 ಮೀಟರ್ ಹೊಸ ನಿರ್ಮಾಣಕ್ಕೆ ನಿಷಿದ್ಧ.

ಇಷ್ಟೆಲ್ಲ ಕಳೆದ ಮೇಲೆ ಮನೆ ಕಟ್ಟಲು ಉಳಿಯುವುದು ಗದ್ದೆ, ತೋಟ ಮತ್ತು ಗುಡ್ಡದ ಬುಡ. ಇಲ್ಲಿ ನಿಜವಾಗಿ ಕೊರತೆ ಇರುವುದು ನೆಲಕ್ಕೆ. ಈ ಸಂಗತಿ ನೆನಪಿಟ್ಟುಕೊಂಡರೆ ಮುಂದಿನ ಲೆಕ್ಕ ಸುಲಭ.

ಎಂಟು ಕುಟುಂಬಗಳ ಲೆಕ್ಕ

ಎಂಟು ಕುಟುಂಬಗಳಿವೆ ಎಂದುಕೊಳ್ಳೋಣ. ಪ್ರತಿ ಕುಟುಂಬಕ್ಕೂ 25 ಅಡಿ ಅಗಲ, 40 ಅಡಿ ಉದ್ದದ, ಅಂದರೆ 1,000 ಚದರ ಅಡಿಯ ಮನೆ ಬೇಕು.

ಮೊದಲನೆಯ ದಾರಿ: ಎಂಟೂ ಕುಟುಂಬಗಳು ತಲಾ 3 ಗುಂಟೆ ಸೈಟು ಕೊಂಡು ಒಂದೇ ಅಂತಸ್ತಿನ ತಾರಸಿ ಮನೆ ಕಟ್ಟುತ್ತವೆ. ರಸ್ತೆ ಬಿಟ್ಟು 24 ಗುಂಟೆ ಜಾಗ ಬೇಕು. ಎರಡನೆಯ ದಾರಿ: 8 ಗುಂಟೆಯಲ್ಲಿ ಒಂದೇ ಕಟ್ಟಡ. ಕೆಳಗೆ ವಾಹನ ನಿಲುಗಡೆ, ಮೇಲೆ ನಾಲ್ಕು ಮಹಡಿ, ಮಹಡಿಗೆ ಅಕ್ಕಪಕ್ಕ ಎರಡು ಮನೆ.

ಗೋಡೆಯಿಂದ ಶುರು ಮಾಡೋಣ. ಬಿಡಿ ಮನೆಯ ಹೊರಸುತ್ತು 130 ಅಡಿ. ಎಂಟು ಮನೆಗೆ 1,040 ಅಡಿ. ಫ್ಲ್ಯಾಟಿನಲ್ಲಿ ಒಂದು ಮಹಡಿಯ ಹೊರಸುತ್ತು 180 ಅಡಿ. ನಾಲ್ಕು ಮಹಡಿಗೆ 720 ಅಡಿ. ಎರಡು ಮನೆಗಳ ನಡುವಿನ ಸಾಮಾನ್ಯ ಗೋಡೆ ಸೇರಿಸಿದರೆ 880 ಅಡಿ. ಒಟ್ಟು ಗೋಡೆಯಲ್ಲಿ ಶೇ 15ರಷ್ಟು ಉಳಿತಾಯ. ಮಳೆ ಹೊಡೆಯುವ ಗೋಡೆಯನ್ನಷ್ಟೇ ಎಣಿಸಿದರೆ ಶೇ 30ರಷ್ಟು ಕಡಿಮೆ. ಮಳೆಗೆ ತೆರೆದ ಛಾವಣಿಯಂತೂ 8,000 ಚದರ ಅಡಿಯಿಂದ 2,000ಕ್ಕೆ ಇಳಿಯುತ್ತದೆ. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುವ ನಮ್ಮ ಕಡೆ ಇದು ಸಣ್ಣ ಲಾಭವಲ್ಲ. ಸೋರುವ ತಾರಸಿಯ ಮೇಲೆ ತಗಡಿನ ಇನ್ನೊಂದು ಮಾಡು ಹಾಕಿಸಿದವರಿಗೆ ಇದು ಗೊತ್ತು.

ಈಗ ಕಾಂಕ್ರೀಟ್ ಸ್ಲ್ಯಾಬ್ ಎಣಿಸೋಣ. ‘ಒಂದೇ ಛಾವಣಿ’ ಎಂಬ ಮಾತು ಎಡವುವುದು ಇಲ್ಲಿ. ಮೇಲಿನ ಮನೆಯ ನೆಲವೇ ಕೆಳಗಿನ ಮನೆಯ ಛಾವಣಿ, ನಿಜ. ಆದರೆ ಬಿಡಿ ಮನೆಯ ನೆಲ ಮಣ್ಣಿನ ಮೇಲೆ ಕೂರುತ್ತದೆ, ಅದಕ್ಕೆ ಸ್ಲ್ಯಾಬ್ ಬೇಡ. ಎಂಟು ಬಿಡಿ ಮನೆಗೆ ಬೇಕಾದ್ದು ತಲಾ 1,000ದಂತೆ 8,000 ಚದರ ಅಡಿ ಸ್ಲ್ಯಾಬ್. ನಾಲ್ಕು ಮಹಡಿಯ ಕಟ್ಟಡದಲ್ಲಿ ನಿಲುಗಡೆಯ ಮೇಲೊಂದು, ಪ್ರತಿ ಮಹಡಿಯ ಮೇಲೊಂದರಂತೆ ಒಟ್ಟು ಐದು ಸ್ಲ್ಯಾಬ್, ಅಂದರೆ 10,000 ಚದರ ಅಡಿ. ಮೆಟ್ಟಿಲು, ಪಡಸಾಲೆ, ಲಿಫ್ಟಿನ ಗೂಡು ಬೇರೆ. ಈ ಐದೂ ಸ್ಲ್ಯಾಬ್‌ಗಳ ಭಾರ ಹೊರಲು ದಪ್ಪ ಕಂಬ, ತೊಲೆ, ಆಳದ ಬುನಾದಿ ಬೇಕು. ಅಂದರೆ ಸಿಮೆಂಟು-ಕಬ್ಬಿಣದ ಮಟ್ಟಿಗೆ ಫ್ಲ್ಯಾಟ್ ಹೆಚ್ಚು ತಿನ್ನುತ್ತದೆ.

ಬಿಡಿ ಮನೆಗೆ ನಮ್ಮ ಊರಿನಲ್ಲಿ ಇನ್ನೊಂದು ಅನುಕೂಲವಿದೆ. ಚಿರೇಕಲ್ಲಿನ ಗೋಡೆ ತಾನೇ ಭಾರ ಹೊರುತ್ತದೆ. ಕಟ್ಟಡಕ್ಕೆ ಬಳಸುವ ಚಿರೇಕಲ್ಲಿಗೆ ಪ್ರತಿ ಚದರ ಮಿ.ಮೀ.ಗೆ ಕನಿಷ್ಠ 3.5 ನ್ಯೂಟನ್ ಒತ್ತಡ ತಾಳುವ ಶಕ್ತಿ ಇರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಒಂದು-ಎರಡು ಅಂತಸ್ತಿಗೆ ಅಷ್ಟು ಸಾಕು, ಕಂಬವೇ ಬೇಡ. ಮೇಲೆ ಹಂಚಿನ ಮಾಡು ಹಾಕಿದರೆ ಸ್ಲ್ಯಾಬೂ ಬೇಡ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಹಂಚಿನ ಕಾರ್ಖಾನೆಯಿಂದ ಮೊದಲ್ಗೊಂಡು ಇಡೀ ಕರಾವಳಿ ಈ ಪದ್ಧತಿಯಲ್ಲೇ ಬದುಕಿದೆ.

ಕೊನೆಗೆ ನೆಲ. ಬಿಡಿ ಮನೆಗಳಿಗೆ 24 ಗುಂಟೆ, ಫ್ಲ್ಯಾಟಿಗೆ 8 ಗುಂಟೆ. ಮೂರರಲ್ಲಿ ಎರಡು ಪಾಲು ನೆಲ ಉಳಿಯಿತು. ಅದರ ಜತೆಗೆ ರಸ್ತೆ, ಚರಂಡಿ, ನೀರಿನ ಪೈಪು, ವಿದ್ಯುತ್ ಕಂಬ, ಆವರಣ ಗೋಡೆಯೂ ಉಳಿಯಿತು. ಹಾಗಾಗಿ ಫ್ಲ್ಯಾಟ್ ಅಗ್ಗವಾಗಿ ಕಂಡರೆ ಅದು ನೆಲ ಹಂಚಿಕೊಂಡದ್ದರಿಂದ. ನೆಲದ ಬೆಲೆ ಏರಿರುವ ಪೇಟೆಯಲ್ಲಿ ಈ ಉಳಿತಾಯ ದೊಡ್ಡದು. ಅಪ್ಪನ ಜಾಗ ಇರುವ ಹಳ್ಳಿಯಲ್ಲಿ ಇದಕ್ಕೆ ಅರ್ಥವೇ ಇಲ್ಲ.

1,000 ಅಡಿ ಎಂದರೆ ಎಷ್ಟು?

ಫ್ಲ್ಯಾಟಿನ ಜಾಹೀರಾತಿನಲ್ಲಿ ಬರೆಯುವ ಅಡಿಯಲ್ಲಿ ಮೆಟ್ಟಿಲು, ಪಡಸಾಲೆ, ಲಿಫ್ಟಿನ ಪಾಲೂ ಸೇರಿರಬಹುದು. ನಾವು ಓಡಾಡುವ ಜಾಗ ಅದಕ್ಕಿಂತ ಕಡಿಮೆ. 1,000 ಅಡಿಗೆ ದುಡ್ಡು ಕೊಟ್ಟು ಒಳಗೆ 750 ಅಡಿ ಸಿಕ್ಕರೆ, ಅಡಿಯ ದರ ಹೇಳಿದ್ದಕ್ಕಿಂತ ಮೂರರಲ್ಲೊಂದು ಪಾಲು ಹೆಚ್ಚಾಯಿತು. ಇದೇ ಗೊಂದಲ ತಪ್ಪಿಸಲು 2016ರ ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ ರೇರಾ, ‘ಕಾರ್ಪೆಟ್ ಏರಿಯಾ’ ಎಂದರೇನು ಎಂದು ವ್ಯಾಖ್ಯಾನಿಸಿದೆ.

ಆದರೆ ಸಣ್ಣ ಊರಿನವರು ಗಮನಿಸಬೇಕಾದ ಒಂದು ಅಂಶ ಅದೇ ಕಾಯ್ದೆಯಲ್ಲಿದೆ. ಯೋಜನೆಯ ಜಾಗ 500 ಚದರ ಮೀಟರ್ ಮೀರದಿದ್ದರೆ, ಅಥವಾ ಫ್ಲ್ಯಾಟುಗಳ ಸಂಖ್ಯೆ ಎಂಟನ್ನು ಮೀರದಿದ್ದರೆ, ರೇರಾ ನೋಂದಣಿ ಕಡ್ಡಾಯವಲ್ಲ. ನಾವು ಮೇಲೆ ಲೆಕ್ಕ ಹಾಕಿದ ಎಂಟು ಮನೆಯ ಕಟ್ಟಡ ಸರಿಯಾಗಿ ಈ ಗೆರೆಯ ಒಳಗೇ ಬೀಳುತ್ತದೆ. ನಮ್ಮಂಥ ಪಟ್ಟಣಗಳಲ್ಲಿ ಏಳುವ ಸಣ್ಣ ಸಮುಚ್ಚಯಗಳ ಅಳತೆಯೂ ಇದೇ. ನೋಂದಾಯಿತ ಯೋಜನೆಯಲ್ಲಿ ಸ್ವಾಧೀನ ಪಡೆದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ಸಣ್ಣ ಕಟ್ಟಡದಲ್ಲಿ ಕೊಳ್ಳುವವರು ಈ ಷರತ್ತನ್ನು ಕರಾರು ಪತ್ರದಲ್ಲಿ ತಾವೇ ಬರೆಸಿಕೊಳ್ಳುವುದು ಕ್ಷೇಮ.

ಉಪ್ಪುಗಾಳಿಯ ಬಡ್ಡಿ

ಕಟ್ಟುವ ಖರ್ಚು ಒಮ್ಮೆ, ಉಳಿಸಿಕೊಳ್ಳುವ ಖರ್ಚು ಪ್ರತಿ ವರ್ಷ. ಕಾಂಕ್ರೀಟ್ ಕುರಿತ ಭಾರತೀಯ ಮಾನಕ ಐಎಸ್ 456, ಸೌಮ್ಯ ಹವೆಯ ಒಳನಾಡಿಗೆ ಎಂ20 ದರ್ಜೆಯ ಕಾಂಕ್ರೀಟ್ ಸಾಕು, ಕಬ್ಬಿಣದ ಮೇಲೆ 20 ಮಿ.ಮೀ. ಹೊದಿಕೆ ಸಾಕು ಎನ್ನುತ್ತದೆ. ಕರಾವಳಿಯ ಹವೆಗೆ ತೆರೆದುಕೊಂಡ ಕಾಂಕ್ರೀಟನ್ನು ಅದು ‘ತೀವ್ರ’ ವರ್ಗಕ್ಕೆ ಸೇರಿಸುತ್ತದೆ. ಅಲ್ಲಿ ಕನಿಷ್ಠ ಎಂ30 ದರ್ಜೆ, 45 ಮಿ.ಮೀ. ಹೊದಿಕೆ ಬೇಕು. ಇದನ್ನು ಪಾಲಿಸದಿದ್ದರೆ ಉಪ್ಪು ಒಳಗಿಳಿದು ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಹೊರಗಿನ ಕಾಂಕ್ರೀಟ್ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಹಳೆಯ ತಾರಸಿಗಳ ಅಡಿಯಲ್ಲಿ ಕೆಂಪು ಸರಳು ಹಲ್ಲು ಕಿಸಿದಿರುವುದನ್ನು ನಾವೆಲ್ಲ ನೋಡಿದ್ದೇವೆ.

ಬಿಡಿ ಮನೆಯಲ್ಲಿ ಕಬ್ಬಿಣ ಕಡಿಮೆ, ಕೆಟ್ಟರೆ ಮನೆಯವರೇ ತೀರ್ಮಾನಿಸಿ ರಿಪೇರಿ ಮಾಡಿಸುತ್ತಾರೆ. ಫ್ಲ್ಯಾಟಿನಲ್ಲಿ ಇಡೀ ಭಾರ ನಿಂತಿರುವುದು ಕಂಬಗಳ ಮೇಲೆ. ರಿಪೇರಿಗೆ ಎಂಟೂ ಮನೆಯವರು ಒಪ್ಪಿ ದುಡ್ಡು ಹಾಕಬೇಕು. ಇಬ್ಬರು ದುಬೈಯಲ್ಲಿ, ಒಬ್ಬರು ಮುಂಬೈಯಲ್ಲಿ ಇದ್ದರೆ ಸಭೆ ಸೇರುವುದೇ ಕಷ್ಟ.

ಕೆಳಗಿನ ನಿಲುಗಡೆಯ ಬಗ್ಗೆಯೂ ಒಂದು ಎಚ್ಚರಿಕೆ ಬೇಕು. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಕೇಂದ್ರದಿಂದ 200 ಕಿ.ಮೀ.ಗೂ ದೂರದ ಅಹಮದಾಬಾದಿನಲ್ಲಿ ಹಲವು ಫ್ಲ್ಯಾಟುಗಳು ಕುಸಿದವು. ಕೆಳಗೆ ಬರೀ ಕಂಬ, ಮೇಲೆ ಗೋಡೆ ತುಂಬಿದ ಮಹಡಿಗಳು ಎಂಬ ವಿನ್ಯಾಸ ಅದಕ್ಕೊಂದು ಮುಖ್ಯ ಕಾರಣವಾಗಿತ್ತು. 2016ರ ಭೂಕಂಪ ಸಂಹಿತೆಯಲ್ಲಿ ನಮ್ಮ ಕಾರವಾರವೂ ಅಹಮದಾಬಾದೂ ಒಂದೇ ವಲಯ 3ರಲ್ಲಿವೆ. ನಿಲುಗಡೆ ಬೇಡ ಎಂದೇನಲ್ಲ. ಅದನ್ನು ಸರಿಯಾಗಿ ವಿನ್ಯಾಸ ಮಾಡಿದ ಎಂಜಿನಿಯರ್ ಯಾರು ಎಂದು ಕೇಳುವ ಹಕ್ಕು ಕೊಳ್ಳುವವರಿಗಿದೆ.

ಬಾವಿ ಮತ್ತು ಗುಡ್ಡ

ಬಿಡಿ ಮನೆಯ ಪರವಾಗಿ ಹೇಳುವವರು ಸಾಮಾನ್ಯವಾಗಿ ಮರೆಯುವುದು ಶೌಚದ ಗುಂಡಿಯನ್ನು. ನಮ್ಮಲ್ಲಿ ಮನೆಗೊಂದು ಬಾವಿ, ಮನೆಗೊಂದು ಗುಂಡಿ. ಎರಡಕ್ಕೂ ನಡುವೆ 15 ಮೀಟರ್, ಅಂದರೆ ಸುಮಾರು 50 ಅಡಿಯಾದರೂ ಇರಲಿ ಎಂಬುದು ರೂಢಿಯ ಎಚ್ಚರಿಕೆ. 3 ಗುಂಟೆ ಸೈಟಿನ ಒಂದು ಬದಿಯೇ 57 ಅಡಿ. ನಿಮ್ಮ ಬಾವಿಯನ್ನು ನಿಮ್ಮ ಗುಂಡಿಯಿಂದ ದೂರ ಇಟ್ಟರೆ ಅದು ಪಕ್ಕದವರ ಗುಂಡಿಗೆ ಹತ್ತಿರವಾಗುತ್ತದೆ. ಚಿರೇಕಲ್ಲಿನ ನೆಲ ತೂತು ತೂತು. ಮಳೆಗಾಲದಲ್ಲಿ ನೀರು ಸಲೀಸಾಗಿ ಹರಿಯುತ್ತದೆ. ಅಜ್ಜನ ಕಾಲದಲ್ಲಿ ಅರ್ಧ ಎಕರೆಗೆ ಒಂದು ಮನೆ ಇದ್ದಾಗ ನಡೆಯುತ್ತಿದ್ದ ಪದ್ಧತಿ 3 ಗುಂಟೆಯ ಬಡಾವಣೆಯಲ್ಲಿ ನಡೆಯುವುದಿಲ್ಲ. ಎಂಟು ಮನೆಗೆ ಒಂದೇ ಕಡೆ ಕೊಳಚೆ ನೀರು ಶುದ್ಧೀಕರಿಸುವುದು ಎಂಟು ಗುಂಡಿಗಿಂತ ಸುಲಭ. ಆದರೆ ಫ್ಲ್ಯಾಟೂ ದೊಡ್ಡದೊಂದು ಗುಂಡಿ ತೋಡಿ ಸುಮ್ಮನಾದರೆ ಸುತ್ತಲಿನ ಎಲ್ಲ ಬಾವಿಗಳಿಗೂ ಅಪಾಯ.

ಇನ್ನು ಗುಡ್ಡ. 2022ರ ಆಗಸ್ಟ್ 2ರಂದು ಭಟ್ಕಳದ ಮುಟ್ಟಳ್ಳಿಯಲ್ಲಿ ಮನೆಯೊಂದರ ಮೇಲೆ ಗುಡ್ಡ ಕುಸಿದು ಒಂದೇ ಕುಟುಂಬದ ನಾಲ್ವರು ತೀರಿಕೊಂಡರು. ಆಗ 24 ಗಂಟೆಗಳಲ್ಲಿ 500 ಮಿ.ಮೀ.ಗೂ ಹೆಚ್ಚು ಮಳೆ ಬಿದ್ದಿತ್ತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಜರಿದದ್ದನ್ನು ದೇಶವೇ ನೋಡಿತು. ಗದ್ದೆ ಸಿಗದವರು, ಪೇಟೆಯ ಬೆಲೆ ಕೊಡಲಾಗದವರು ಗುಡ್ಡದ ಬುಡಕ್ಕೆ ಹೋಗುತ್ತಾರೆ. ಒಂದೊಂದು ಮನೆಗೂ ಒಂದೊಂದು ಕಡೆ ಗುಡ್ಡ ಕಡಿಯುತ್ತಾರೆ. ನೆಲವನ್ನು ಮಿತವಾಗಿ ಬಳಸುವುದು ಹಣದ ವಿಷಯವಷ್ಟೇ ಅಲ್ಲದೆ ಜೀವದ ವಿಷಯವೂ ಆಗುವುದು ಈ ಕಾರಣಕ್ಕೆ. ಪೇಟೆಯ ಗಟ್ಟಿ ನೆಲದಲ್ಲಿ ಎಂಟು ಮನೆ ಒಟ್ಟಿಗೆ ಎದ್ದರೆ ಗುಡ್ಡದ ಬುಡಕ್ಕೆ ಹೋಗುವ ಎಂಟು ಕುಟುಂಬಗಳು ಕಡಿಮೆಯಾದಂತೆ.

ಬೀಗ ಹಾಕಿದ ಮನೆಯ ದಕ್ಷತೆ

ಸಿಮೆಂಟು, ಕಲ್ಲು, ನೆಲ ಎಲ್ಲ ಎಣಿಸಿದ ಮೇಲೂ ಒಂದು ಲೆಕ್ಕ ಉಳಿಯುತ್ತದೆ. ವರ್ಷದ 365 ದಿನಗಳಲ್ಲಿ ಆ ಮನೆಯಲ್ಲಿ ದೀಪ ಉರಿಯುವುದು ಎಷ್ಟು ದಿನ? ಭಟ್ಕಳದಲ್ಲಿ ಗಲ್ಫ್ ದುಡಿಮೆಯಿಂದ ಕಟ್ಟಿದ ಭವ್ಯ ಮನೆಗಳಿವೆ. ಹೊನ್ನಾವರ, ಕುಮಟಾ ಕಡೆ ಮಕ್ಕಳು ಬೆಂಗಳೂರು, ಮುಂಬೈ, ಪುಣೆಯಲ್ಲಿ ನೆಲೆಸಿದ ಮನೆಗಳಿವೆ. ಹಬ್ಬಕ್ಕೆ, ಮದುವೆಗೆ, ಬೇಸಿಗೆ ರಜೆಗೆ ಬಾಗಿಲು ತೆರೆಯುತ್ತದೆ. ಉಳಿದ ದಿನ ಬೀಗ. ಫ್ಲ್ಯಾಟುಗಳಲ್ಲೂ ‘ಹೂಡಿಕೆ’ಗೆಂದು ಕೊಂಡು ಮುಚ್ಚಿಟ್ಟವು ಇವೆ. 2011ರ ಜನಗಣತಿ ಎಣಿಸಿದ ದೇಶದ ಸುಮಾರು 33 ಕೋಟಿ ಗಣತಿ ಮನೆಗಳಲ್ಲಿ ಸುಮಾರು 2.5 ಕೋಟಿ ಖಾಲಿ ಇದ್ದವು. ವರ್ಷಕ್ಕೆ 30 ದಿನ ಬಳಸುವ ಮನೆ ಎಷ್ಟೇ ಮಿತವ್ಯಯದಿಂದ ಕಟ್ಟಿದ್ದರೂ ದಕ್ಷ ಮನೆಯಲ್ಲ.

ಅದೇ ಊರಿಗೆ ವರ್ಗವಾಗಿ ಬರುವ ಶಿಕ್ಷಕಿ, ಬ್ಯಾಂಕ್ ನೌಕರ, ಆಸ್ಪತ್ರೆಯ ನರ್ಸ್, ಹೊರ ಊರಿನ ವಿದ್ಯಾರ್ಥಿಗಳು ಬಾಡಿಗೆಗೆ ಎರಡು ಕೋಣೆ ಹುಡುಕುತ್ತಾ ಅಲೆಯುತ್ತಾರೆ. ಅವಿವಾಹಿತರಿಗೆ ಕೊಡುವುದಿಲ್ಲ, ಇಂಥ ಊಟ ಮಾಡುವವರಿಗೆ ಕೊಡುವುದಿಲ್ಲ, ಇಂಥ ಜಾತಿ-ಧರ್ಮದವರಿಗೆ ಕೊಡುವುದಿಲ್ಲ ಎಂಬ ಉತ್ತರ ಕೇಳದ ಯುವಕರು ಕಡಿಮೆ. ಬಾಡಿಗೆದಾರ ಮನೆ ಬಿಡದಿದ್ದರೆ ಎಂಬ ಮಾಲೀಕರ ಭಯವೂ ಸುಳ್ಳಲ್ಲ. 2021ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡ, ಲಿಖಿತ ಕರಾರು ಇರಲಿ, ತಕರಾರಿಗೆ ಪ್ರತ್ಯೇಕ ವ್ಯವಸ್ಥೆ ಇರಲಿ ಎನ್ನುತ್ತದೆ. ಇಂಥ ನಿಯಮ ನೆಲಕ್ಕಿಳಿದರೆ ಒಂದು ಇಟ್ಟಿಗೆಯನ್ನೂ ಇಡದೆ ಎಷ್ಟೋ ಮನೆಗಳು ‘ಹೊಸದಾಗಿ’ ಸಿಗುತ್ತವೆ.

ಮೂರನೆಯ ದಾರಿ

ಹಾಗಾದರೆ ಯಾವುದು ಸರಿ? ನನ್ನ ಲೆಕ್ಕದಲ್ಲಿ ಈ ಮೂರು ತಾಲ್ಲೂಕುಗಳಿಗೆ ಹೆಚ್ಚು ಹೊಂದುವುದು ಇವೆರಡರ ನಡುವಿನ ದಾರಿ. ಮೂವರು ಮಕ್ಕಳಿಗೆ 12 ಗುಂಟೆ ತೋಟ ಪಾಲಾಗುತ್ತದೆ ಎಂದುಕೊಳ್ಳಿ. ಈಗಿನ ರೂಢಿಯಲ್ಲಿ ತಲಾ 4 ಗುಂಟೆ, ಮೂರು ಮನೆ, ಮೂರು ಬಾವಿ, ಮೂರು ಗುಂಡಿ, ಮೂರು ಆವರಣ ಗೋಡೆ. ತೆಂಗಿನ ಮರಗಳು ಮಾಯ. ಅದರ ಬದಲು 3 ಗುಂಟೆಯಲ್ಲಿ ಒಂದೇ ಅಡಿಪಾಯದ ಮೇಲೆ ಮೂರು ಅಂತಸ್ತು, ಅಂತಸ್ತಿಗೊಂದು ಮನೆ, ತುದಿಗೆ ಹಂಚಿನ ಮಾಡು. ವಾಹನಕ್ಕೆ ಅಂಗಳವೇ ಇರುವುದರಿಂದ ಕೆಳಗೆ ನಿಲುಗಡೆ ಬೇಡ. ಮೂರು ತಾರಸಿ ಮನೆಗೆ ಮೂರು ಸ್ಲ್ಯಾಬ್ ಬೇಕಾದ ಕಡೆ ಎರಡು ಸಾಕು. ಲಿಫ್ಟ್ ಬೇಡ, ನೆಲಮಾಳಿಗೆಯ ಬದಲು ನೆಲದ ಅಂತಸ್ತು ಅಪ್ಪ-ಅಮ್ಮನಿಗೆ. ಉಳಿದ 9 ಗುಂಟೆಯಲ್ಲಿ ತೋಟ, ಗುಂಡಿಯಿಂದ ದೂರ ಒಂದು ಒಳ್ಳೆಯ ಬಾವಿ. ಮೂರನೆಯ ಅಂತಸ್ತು ಏರಿಸುವ ಮುನ್ನ ಎಂಜಿನಿಯರ್ ಲೆಕ್ಕ ಬೇಕು. ಯಾವ ಅಂತಸ್ತು ಯಾರದ್ದು, ನೆಲದಲ್ಲಿ ಯಾರ ಪಾಲು ಎಷ್ಟು ಎಂಬುದು ನೋಂದಾಯಿತ ಪತ್ರದಲ್ಲಿ ಸ್ಪಷ್ಟವಾಗಿರಬೇಕು. ಅಣ್ಣ-ತಮ್ಮಂದಿರ ಜಗಳಕ್ಕೆ ಗೋಡೆಗಿಂತ ಒಳ್ಳೆಯ ಮದ್ದು ಸ್ಪಷ್ಟ ಕಾಗದ.

ಪೇಟೆಯಲ್ಲೂ ಇದೇ ಅಳತೆ ಸಾಕು. ಬಸ್ ನಿಲ್ದಾಣ, ಕಾಲೇಜು, ಆಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಮೂರು ಅಂತಸ್ತಿನ ಸಣ್ಣ ಬಾಡಿಗೆ ಮನೆಗಳು ಬೇಕು. ಇಂಥ ಕಟ್ಟಡ ಊರಿನ ಮೇಸ್ತ್ರಿ, ಕಲ್ಲು ಕಡಿಯುವವರು, ಬಡಗಿ, ಡಿಪ್ಲೊಮಾ ಮುಗಿಸಿದ ಸಿವಿಲ್ ಹುಡುಗ-ಹುಡುಗಿಯರ ಕೈಗೆ ಎಟುಕುವ ಕೆಲಸ. ಹತ್ತು ಮಹಡಿಯ ಕಟ್ಟಡದ ಗುತ್ತಿಗೆ ಹೊರ ಊರಿನ ದೊಡ್ಡ ಕಂಪನಿಗೆ ಹೋಗುವ ಸಾಧ್ಯತೆಯೇ ಹೆಚ್ಚು. ಕೆಲಸ ಹುಡುಕುತ್ತಿರುವ ನಮಗೆ ಈ ವ್ಯತ್ಯಾಸ ಮುಖ್ಯ.

ಅಲ್ಲಿಯವರೆಗೆ ಫ್ಲ್ಯಾಟ್ ನೋಡಲು ಹೋದವರು ಐದು ಪ್ರಶ್ನೆ ಕೇಳಿ ಬನ್ನಿ. ಕಾರ್ಪೆಟ್ ಏರಿಯಾ ಎಷ್ಟು? ನೆಲದಲ್ಲಿ ನನ್ನ ಅವಿಭಜಿತ ಪಾಲು ಎಷ್ಟು? ಕಾಂಕ್ರೀಟ್ ಯಾವ ದರ್ಜೆ, ಕಬ್ಬಿಣದ ಮೇಲೆ ಹೊದಿಕೆ ಎಷ್ಟು? ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ? ಐದು ವರ್ಷದೊಳಗೆ ಬಿರುಕು ಬಿಟ್ಟರೆ ಯಾರು ಹೊಣೆ? ಸೈಟು ಕೊಳ್ಳುವವರು ಇನ್ನೆರಡು ಸೇರಿಸಿಕೊಳ್ಳಿ: ಹಿಂದಿನ ಗುಡ್ಡವನ್ನು ಎಷ್ಟು ಕಡಿದಿದ್ದಾರೆ? ಈ ಜಾಗ ಮೊದಲು ಗದ್ದೆಯಾಗಿತ್ತೇ?

ಇನ್ನೊಂದು ಕೆಲಸ ನಾವು ವಿದ್ಯಾರ್ಥಿಗಳೇ ಮಾಡಬಹುದು. ಈ ಮೂರೂ ಪಟ್ಟಣಗಳಲ್ಲಿ ಕಾಲೇಜುಗಳಿವೆ, ಸಿವಿಲ್, ಅರ್ಥಶಾಸ್ತ್ರ, ಭೂಗೋಳ ಓದುವವರಿದ್ದಾರೆ. ಅಂತಿಮ ವರ್ಷದ ಪ್ರಾಜೆಕ್ಟಿಗೆ ಎಲ್ಲಿಂದಲೋ ನಕಲು ಮಾಡುವ ಬದಲು ನಮ್ಮ ವಾರ್ಡಿನಲ್ಲಿ ಬೀಗ ಹಾಕಿದ ಮನೆ ಎಷ್ಟು, ಬಾಡಿಗೆಗೆ ಅಲೆಯುವವರು ಎಷ್ಟು, ಬಾವಿಗೂ ಗುಂಡಿಗೂ ಅಂತರ ಎಷ್ಟು ಎಂದು ಅಳೆದು ಬರೆಯೋಣ. ಪುರಸಭೆ, ಪಟ್ಟಣ ಪಂಚಾಯಿತಿಯ ಮುಂದೆ ಆ ಅಂಕಿ ಇಟ್ಟರೆ ಮುಂದಿನ ಕಟ್ಟಡ ಎಲ್ಲಿ, ಎಷ್ಟು ಎತ್ತರಕ್ಕೆ ಏಳಬೇಕು ಎಂಬ ಚರ್ಚೆ ಅಂದಾಜಿನಿಂದಲ್ಲ, ಅಳತೆಯಿಂದ ಶುರುವಾಗುತ್ತದೆ.